ಸಿಗಲಿಲ್ಲ

ತಮ್ಮನ ಶವಪೆಟ್ಟಿಗೆಯ ಸಂದಿಗೆ, ವಾಸನೆ ಹೀರಲೆಂದು, ಒಣ ಚಹಾ ಎಲೆ ತುರುಕುತ್ತಿದ್ದ ಲೂವಾಳ ಕೈಯನ್ನು ಚಿಕ್ಕಮ್ಮ ಹಿಡಿದಳು.

"ಔಷಧಿ ಮರೆತೆಯಲ್ಲೇ! ಖೋಯ್‌ನ ಮಾತ್ರೆ ಜೊತೆಗಿಡು. ಅಲ್ಲಾದ್ರೂ ಬೇಕಾಗುತ್ತೆ."

"ಬದುಕಿದ್ದಾಗ ನುಂಗದೋನು ಈಗ ನುಂಗ್ತಾನಾ ಚಿಕ್ಕಮ್ಮಾ?"

"ಹೋದವನ ಮೇಲೂ ಸಿಟ್ಟಾ?"

ಸಿಟ್ಟಲ್ಲದೆ ಇನ್ನೇನು? ಹೆಪಟೈಟಿಸ್ ಬಿ ಎಂಬುದು ಅವಳ ಇಬ್ಬರು ತಮ್ಮಂದಿರಿಗೂ ಹುಟ್ಟುವಾಗಲೇ ಅಮ್ಮನಿಂದ ಬಂದದ್ದು. ಲೂವಾ ಹೇಗೋ ಪಾರಾಗಿದ್ದಳು. ಪಾರಾದ ತಪ್ಪಿಗೆ ಇಬ್ಬರ ಮಾತ್ರೆಯ ಕಾವಲೂ ಅವಳ ತಲೆಗೇ ಬಿದ್ದಿತ್ತು. ಒಬ್ಬ, ಖೋಯ್, ಪೆಟ್ಟಿಗೆಯಲ್ಲಿ ಮಲಗಿದ್ದ. ಉಳಿದವನು ತಿಯೆನ್ ಒಬ್ಬನೇ. ಅವನನ್ನಾದರೂ ಉಳಿಸಿಕೊಳ್ಳಬೇಕು.

"ನಾನು ತರ್ತೀನಿ" ಎಂದು ತಿಯೆನ್ ಒಳಗೆ ಓಡಿದ.

*

ಹೋದ ವರ್ಷ ಪಟ್ಟಣದ ಆಸ್ಪತ್ರೆಯಲ್ಲಿ ಡಾಕ್ಟರು, "ರಕ್ತದಲ್ಲಿ ವೈರಸ್ ಸಿಗಲಿಲ್ಲ. ಮಾತ್ರೆ ಕೆಲಸ ಮಾಡ್ತಿದೆ, ನಿಲ್ಲಿಸಬೇಡಿ" ಎಂದಿದ್ದರು. ಖೋಯ್ ಮೊದಲನೆಯ ಮಾತು ಕೇಳಿದ್ದೇ ಕಿವಿ ಮುಚ್ಚಿಕೊಂಡ. ಬರುವಾಗಲೇ ಬಾತುಕೋಳಿ, ಬಿಯರ್ ತಂದು ಕಾಲುವೆ ದಂಡೆಯವರನ್ನೆಲ್ಲ ಊಟಕ್ಕೆ ಕರೆದ.

"ಸಿಗಲಿಲ್ಲ ಅಂದ್ರೆ ಇಲ್ಲ ಅಂತ ಕಣಕ್ಕಾ!"

"ಅಡಗಿ ಕೂತಿದೆ ಅಂತ ಕಣೋ! ಮಾತ್ರೆಗೆ ಹೆದರಿ ಕೂತಿದೆ."

"ಇಲ್ಲದ ಕಾಯಿಲೆಗೆ ಯಾರಾದ್ರೂ ಔಷಧಿ ತಿಂತಾರಾ?" ಎಂದವನು, ಎಲ್ಲರೂ ನೋಡುತ್ತಿದ್ದಂತೆ ಇದ್ದ ಮಾತ್ರೆಗಳನ್ನೆಲ್ಲ ಕಾಲುವೆಗೆ ಎಸೆದ. ಊಟಕ್ಕೆ ಬಂದವರು ಚಪ್ಪಾಳೆ ತಟ್ಟಿದರು.

ದೋಣಿ ಎಂಜಿನ್ ರಿಪೇರಿ ಮಾಡುವವನು! ಚೆನ್ನಾಗಿ ಓಡುತ್ತಿದೆಯೆಂದು ಆಯಿಲ್ ಹಾಕದೆ ಬಿಟ್ಟವರಿಗೆ ಅಪ್ಪ ಅಜ್ಜನನ್ನೂ ಸೇರಿಸಿ ಬೈಯುತ್ತಿದ್ದವನು. ಈ ಮಳೆಗಾಲದಲ್ಲಿ ಅವನ ಕಣ್ಣು ಹಳದಿಯಾಯಿತು. ಚಿಕ್ಕಮ್ಮ ನೆಲನೆಲ್ಲಿ ಕಷಾಯ ಕುಡಿಸಿದಳು. ಹೊಟ್ಟೆ ಉಬ್ಬಿಕೊಂಡ ಮೇಲಷ್ಟೇ ಆಸ್ಪತ್ರೆಗೆ ಹೊರಟ. ಅಷ್ಟರಲ್ಲಿ ಲಿವರ್ ಕೈಕೊಟ್ಟಿತ್ತು.

*

"ತಗೋ ಅಕ್ಕಾ, ಅಣ್ಣನ ಮಾತ್ರೆ."

ತಿಯೆನ್ ಕೊಟ್ಟ ಡಬ್ಬಿಯ ಸೀಲು ಒಡೆದಿರಲಿಲ್ಲ. ಲೂವಾ ಅದನ್ನು ತಿರುಗಿಸಿ ನೋಡಿದಳು. ಖೋಯ್‌ನ ಮಾತ್ರೆ ಕಾಲುವೆಯ ಮೀನಿನ ಪಾಲಾಗಿ ವರ್ಷವಾಗಿತ್ತಲ್ಲ!

"ಇದು ಯಾರದೋ?"

ತಿಯೆನ್ ತಲೆ ತಗ್ಗಿಸಿದ. ದಿನಾ ಸಂಜೆ "ನುಂಗಿದ್ಯಾ?" ಎಂದು ಕೇಳಿದರೆ "ಹೂಂ ಅಕ್ಕಾ" ಎನ್ನುತ್ತಿದ್ದ ಬಾಯಿ.

"ಡಾಕ್ಟರು ನನಗೂ ಸಿಗಲಿಲ್ಲ ಅಂದ್ರಲ್ಲಕ್ಕಾ..."

ಎರಡನೆಯ ಪೆಟ್ಟಿಗೆಗೂ ಚಹಾ ಎಲೆ ತುರುಕಬೇಕೆ? ಲೂವಾ ಡಬ್ಬಿಯ ಸೀಲು ಕಿತ್ತಳು.

"ನಾಳೆ ಬೆಳಗ್ಗೆ ಆಸ್ಪತ್ರೆಗೆ ಹೋಗಿ ನಿಲ್ಲಿಸಿದ್ದನ್ನ ನೀನೇ ಬಾಯಿಬಿಟ್ಟು ಹೇಳ್ತೀಯ. ಇವತ್ತಿನದು ಇವತ್ತೇ ನುಂಗು."

"ಇಲ್ಲೇನಾ? ಇಷ್ಟು ಜನರ ಮುಂದೆ?"

"ಚಪ್ಪಾಳೆ ತಟ್ಟಿದ್ದೂ ಇದೇ ಜನಾನೇ."

"ಮುಹೂರ್ತ ಮೀರ್ತಿದೆ, ಮುಚ್ಚಳ ಹಾಕಿ" ಎಂದರು ಪುರೋಹಿತರು.

"ಮೀರಲಿ ಸ್ವಾಮಿ. ಇವನು ನುಂಗೋವರೆಗೆ ಯಾರೂ ಮುಚ್ಚಕೂಡದು."

ಮುಚ್ಚಳ ಎತ್ತಿದವರು ಎತ್ತಿದಲ್ಲೇ ನಿಂತರು. ವಾದ್ಯದವರು ಊದುವುದನ್ನು ನಿಲ್ಲಿಸಿದರು. ಸತ್ತವನಿಗೆಂದು ಇಟ್ಟಿದ್ದ ಚಹಾ ಬಟ್ಟಲನ್ನೇ ಎತ್ತಿ ಲೂವಾ ತಮ್ಮನ ಕೈಗೆ ಕೊಟ್ಟಳು. ಅವನು ಮಾತ್ರೆ ಹಾಕಿಕೊಂಡು ಗುಟುಕರಿಸಿದ.

"ಬಾಯಿ ತೆಗಿ. ನಾಲಿಗೆ ಎತ್ತು."

ತಲೆಗೆ ಸೂತಕದ ಬಿಳಿ ಪಟ್ಟಿ ಕಟ್ಟಿದ್ದ ತಿಯೆನ್ ಅಣ್ಣನ ಪೆಟ್ಟಿಗೆಯ ಮುಂದೆ ಬಾಯಿ ಅಗಲಿಸಿ ನಿಂತ. ಲೂವಾ ಅವನ ಗದ್ದ ಹಿಡಿದು, ಬೆಳಕಿಗೆ ತಿರುಗಿಸಿ, ಒಳಗೆ ಹುಡುಕಿದಳು.