ಅಧ್ಯಕ್ಷರ ಮುಖಕ್ಕೆ ಕಾದಿರಿಸಿದ ಜಾಗ

ಆಸ್ಪತ್ರೆಯ ನೆಟ್‌ವರ್ಕ್ ನೋಡಿಕೊಳ್ಳುತ್ತಿದ್ದವಳನ್ನು ಎಲ್ಲರೂ ಟ್ರಾಫಿಕ್ಕಮ್ಮ ಎಂದೇ ಕರೆಯುತ್ತಿದ್ದರು. ಅಲ್ಲಿಂದ ಹೊರಗಿನ ಲೋಕಕ್ಕೆ ಇದ್ದದ್ದು ಒಂದೇ ಲೈನು. ವಾರ್ಡಿನಲ್ಲಿ ಮಲಗಿದವರ ಸಿನಿಮಾ, ಅವರನ್ನು ನೋಡಲು ಬಂದು ಬೇಜಾರಾದವರ ಸಿನಿಮಾ, ಲ್ಯಾಬಿನ ರಿಪೋರ್ಟು, ಎಲ್ಲವೂ ಅದರಲ್ಲೇ ನೂಕಾಡಿಕೊಂಡು ಹೋಗಬೇಕು. ರಿಪೋರ್ಟು ಸ್ವಲ್ಪ ತಡವಾದರೆ ಯಾರ ಗಂಟೂ ಹೋಗದು. ಆಪರೇಷನ್ ಥಿಯೇಟರಿನಿಂದ ದೂರದ ತಜ್ಞರಿಗೆ ಹೋಗುವ ವಿಡಿಯೊ ಮಾತ್ರ ಅರೆಕ್ಷಣ ಮುಗ್ಗರಿಸಿದರೂ ಜೀವಕ್ಕೇ ಕುತ್ತು ಬರುತ್ತದೆ. ಅದಕ್ಕೇ ಅವಳು ಲೈನಿನ ದೊಡ್ಡ ಪಾಲನ್ನು ಥಿಯೇಟರಿಗೆಂದು ಕಾದಿರಿಸಿದ್ದಳು. ಉಳಿದವರು ಉಳಿದದ್ದರಲ್ಲಿ ಹೊಡೆದಾಡಿಕೊಳ್ಳಲಿ ಎಂಬುದು ಅವಳ ನೀತಿ.

ಆಸ್ಪತ್ರೆಯ ಅಧ್ಯಕ್ಷರಿಗೆ ಈ ನೀತಿ ಹಿಡಿಸಲಿಲ್ಲ. ಅವರ ವಾರ್ಷಿಕ ಭಾಷಣ ಎಲ್ಲ ಶಾಖೆಗಳಿಗೂ ನೇರಪ್ರಸಾರವಾಗುವುದಿತ್ತು. ಹಿಂದಿನ ಸಲ ಅವರ ಮುಖ ಚೌಕ ಚೌಕವಾಗಿ ಒಡೆದು ಬಂದು, ಶಾಖೆಯವನೊಬ್ಬ "ಟೈಲ್ಸ್ ಚೆನ್ನಾಗಿ ಕೂತಿದೆ ಸಾರ್" ಎಂದುಬಿಟ್ಟಿದ್ದ.

"ನಾಳೆ ಬೆಳಿಗ್ಗೆ ಆಪರೇಷನ್ ಯಾವುದೂ ಇಲ್ವಲ್ಲಮ್ಮ. ಆ ಜಾಗ ನನಗೆ ಕೊಡು" ಎಂದರು.

"ತುರ್ತು ಕೇಸು ಬಂದ್ರೆ ಸಾರ್?"

"ಸರಿಯಾಗಿ ನಾನು ಮಾತಾಡೋ ಹೊತ್ತಿಗೇ ಬರುತ್ತಾ?"

ಅವರು ಮಾತಾಡುವ ಹೊತ್ತಿನಲ್ಲಿ ಮೂರು ಕೇಸು ಬಂದು ಗುಣವಾಗಿ ಮನೆಗೂ ಹೋಗಬಹುದಿತ್ತು. ಆದರೆ ಟ್ರಾಫಿಕ್ಕಮ್ಮ ಅದನ್ನು ನಾಲಿಗೆಯ ತುದಿಯಲ್ಲೇ ನುಂಗಿಕೊಂಡು, ಥಿಯೇಟರಿನ ಜಾಗವನ್ನು ಅಧ್ಯಕ್ಷರ ಮುಖಕ್ಕೆ ಬರೆದುಕೊಟ್ಟಳು.

ಮರುದಿನ ಭಾಷಣ ಕಾವೇರುತ್ತಿದ್ದಂತೆ ಪಕ್ಕದ ಕಟ್ಟಡಕ್ಕೆ ಬಣ್ಣ ಬಳಿಯಲು ಕಟ್ಟಿದ್ದ ಸಾರುವೆಯಿಂದ ಒಬ್ಬ ಪೇಂಟರ್ ಬಿದ್ದ. ಅವನನ್ನು ಥಿಯೇಟರಿಗೆ ಒಯ್ದದ್ದೇ ತಡ, ಸರ್ಜನ್ ಮೇಡಂ ಅವರ ಫೋನು ಬಂತು.

"ಏನಮ್ಮಾ ಇದು, ಕ್ಯಾಮೆರಾ ಹಾಕಿದ್ರೆ ಜಾಗವಿಲ್ಲ ಅಂತಿದೆ! ಕಾಲಿನ ರಕ್ತನಾಳ ಹರಿದಿದೆ. ಆ ಕಡೆ ತಜ್ಞರು ನೋಡದೆ ಏನು ಹೇಳ್ತಾರೆ?"

"ಜಾಗ ಅಧ್ಯಕ್ಷರ ಹತ್ರ ಇದೆ ಡಾಕ್ಟ್ರೇ."

"ಅವರಿಗೇನು ಹರಿದಿದೆ?"

ಟ್ರಾಫಿಕ್ಕಮ್ಮ ಸಭಾಂಗಣಕ್ಕೆ ಓಡಿದಳು. ಬಾಗಿಲಲ್ಲಿ ನಿಂತು ಎರಡೂ ಕೈ ಎತ್ತಿ ಬೀಸಿದಳು. ಅಧ್ಯಕ್ಷರು ನೋಡಿದರು, ಮುಖ ಅರಳಿಸಿದರು, ತಾವೂ ಕೈ ಬೀಸಿದರು. ಆ ಹುರುಪಿನಲ್ಲಿ ಹೊಸ ಅಧ್ಯಾಯವೊಂದನ್ನೇ ಶುರು ಮಾಡಿದರು.

ಇನ್ನು ಕಾದು ಫಲವಿಲ್ಲ ಎಂದು ಅವಳು ವಾಪಸ್ ಓಡಿ, ಅವರ ಚಿತ್ರಕ್ಕಿದ್ದ ಜಾಗವನ್ನು ಕಿತ್ತು ಥಿಯೇಟರಿಗೆ ಕೊಟ್ಟಳು. ಧ್ವನಿಗೆ ಬೇಕಾದದ್ದು ಚಿಟಿಕೆಯಷ್ಟು. ಅದೊಂದು ಇರಲಿ ಎಂದು ಬಿಟ್ಟಳು. ಥಿಯೇಟರಿನ ವಿಡಿಯೊ ನೀರಿನಂತೆ ಸಲೀಸಾಗಿ ಹರಿಯಿತು. ಶಾಖೆಗಳಲ್ಲಿ ಮಾತ್ರ ಅಧ್ಯಕ್ಷರು ಒಂದು ಕಣ್ಣು ಮುಚ್ಚಿ, ಬಾಯಿ ತೆರೆದು, ಇನ್ನೇನು ಸೀನಬೇಕು ಎಂಬಲ್ಲಿಗೆ ನಿಂತುಬಿಟ್ಟರು. ಹಿಂದಿನಿಂದ ಭಾಷಣ ಸಾಗುತ್ತಲೇ ಇತ್ತು. ಸೀನು ಬರಲೆಂದು ಕಾಯುತ್ತ ಕೂತವರಲ್ಲಿ ಒಬ್ಬರೂ ಕೊನೆಯವರೆಗೆ ಎದ್ದು ಹೋಗಲಿಲ್ಲ.

ಮಧ್ಯಾಹ್ನ ಅಧ್ಯಕ್ಷರು ಅವಳ ಕೋಣೆಗೇ ನುಗ್ಗಿದರು.

"ನನ್ನ ಮುಖ ನಿಲ್ಲಿಸಿದ್ದು ಯಾರು?"

"ನಾನೇ ಸಾರ್." ಅವಳು ಎದ್ದು ಕುರ್ಚಿಯನ್ನು ಅವರತ್ತ ಸರಿಸಿದಳು. "ಪೇಂಟರನ ಆಪರೇಷನ್ ಇತ್ತು."

"ಒಂದು ಮಾತು ಹೇಳಬಾರದಿತ್ತಾ?"

"ಹೇಳೋಕೇ ಬಂದಿದ್ದೆ. ಕೈ ಬೀಸಿದೆ. ನೀವೂ ಬೀಸಿದ್ರಿ."

ಸಿಬ್ಬಂದಿಗೆ ತಮ್ಮ ಮೇಲೆ ಎಷ್ಟು ಪ್ರೀತಿ ಎಂದು ಅವರು ಊಟದ ಹೊತ್ತಿಗಾಗಲೇ ಎಲ್ಲರ ಮುಂದೆ ಕೊಚ್ಚಿಕೊಂಡಿದ್ದರು. ಕಿವಿ ಕೆಂಪಾಯಿತು. ಬೈಯಲೂ ಆಗದೆ, ಬೈಯದೆ ಹೋಗಲೂ ಆಗದೆ ಕೂತರು.

"ಆ ಪೇಂಟರು?"

"ಕಾಲು ಉಳೀತಂತೆ ಸಾರ್. ಎಚ್ಚರವಾಗಿದೆ."

"ಸದ್ಯ." ಅವರು ಅಂಗಿಯ ಕಾಲರು ಸರಿಮಾಡಿಕೊಂಡರು. "ಇಲ್ಲೇ ಇನ್ನೊಂದು ಸಲ ರೆಕಾರ್ಡ್ ಮಾಡು. ಶಾಖೆಗಳಿಗೆ ನಿಧಾನವಾಗಿ ಹೋಗಲಿ. ಅದಕ್ಕೇನು ಅವಸರ?"

ಅವಸರವಿಲ್ಲದ್ದು ನಿಧಾನವಾಗಿ ಹೋಗಲಿ ಎಂದು ತಾನು ವರ್ಷಗಟ್ಟಲೆ ತಲೆ ಚಚ್ಚಿಕೊಂಡಿದ್ದ ಮಾತು ಅವರ ಬಾಯಿಂದಲೇ ಬಂದದ್ದಕ್ಕೆ ಟ್ರಾಫಿಕ್ಕಮ್ಮನಿಗೆ ಎಂಥ ಖುಷಿಯಾಯಿತೆಂದರೆ, ಹಿಂದುಮುಂದು ನೋಡದೆ ಕ್ಯಾಮೆರಾ ಹೂಡಿದಳು. ಕೇಳುವವಳು ತಾನೊಬ್ಬಳೇ ಎಂಬುದು ಹೊಳೆಯುವಷ್ಟರಲ್ಲಿ ಅವರು "ಆತ್ಮೀಯರೇ" ಎಂದಾಗಿತ್ತು. ಚಪ್ಪಾಳೆ ಬೀಳಬೇಕಾದ ಕಡೆಯಲ್ಲೆಲ್ಲ ಮಾತು ನಿಲ್ಲಿಸಿ ಅವಳತ್ತ ನೋಡುತ್ತಿದ್ದರು.

ಅವಳು ತಟ್ಟಿದಳು, ಸಂಜೆಯವರೆಗೆ.