ನಲವತ್ತೈದರ ಮೇಲೆ ಬಿಳಿ ಚುಕ್ಕೆ

ಕಾಗದದ ಕವರಿನಿಂದ ರೆಕಾರ್ಡಿನ ತಟ್ಟೆ ಜಾರುವ ಸದ್ದು, ಸರ್ರನೆ, ಆ ಸದ್ದಿಗೇ ನನಗೆ ಮೈಯೆಲ್ಲ ಕಿವಿ — ಅಂಚು ಹಿಡಿಯೇ, ಅಂಚು, ಬೆರಳಿನ ಜಿಡ್ಡು ಗೆರೆಗೆ ತಾಗಿದರೆ ಮುಗಿಯಿತು ಅದರ ಕಥೆ — ಆದರೆ ಬಾಯಿಂದ ಬಂದದ್ದು ಸರಿ, ಸರಿ, ಅಷ್ಟೇ, ಲಕ್ವ ಹೊಡೆದು ಬಲಗೈ ಬಲಗಾಲು ಬಿದ್ದುಹೋದ ಮೇಲೆ ನಾಲಿಗೆಯಲ್ಲಿ ಉಳಿದಿರುವುದು ಅದೊಂದೇ ಮಾತು, ನೀರು ಕೇಳಲು ಹೋದರೂ ಸರಿ, ಬೆನ್ನು ಉರಿಯುತ್ತಿದೆ ಎನ್ನಲು ಹೋದರೂ ಸರಿ, ಇಡೀ ಸಂಸಾರದಲ್ಲಿ ಹೆಂಡತಿಯ ಯಾವ ಮಾತಿಗೂ ಸರಿ ಅನ್ನದವನಿಗೆ ದೇವರು ತಕ್ಕ ಶಾಸ್ತಿಯನ್ನೇ ಮಾಡಿದ. ಅವಳು ಕಿಟಕಿಯ ಬಳಿ ಬಗ್ಗಿ ನಿಂತಿದ್ದಾಳೆ, ಕೊರಳಲ್ಲಿ ಅಳತೆಯ ಟೇಪು ಹಾಗೇ ಇದೆ, ಹೊಲಿಗೆ ಬಿಟ್ಟು ಎದ್ದು ಬಂದಿದ್ದಾಳೆ, ನನ್ನ ರೆಕಾರ್ಡು ಹಾಕಲು, ಇವಳು! ನಾನು ಜಾಝ್ ಹಾಕಿದರೆ ಸಾಕು, ಶುರುವಾಯ್ತಾ ನಿಮ್ಮ ಪೀಪಿ ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಹೊಲಿಗೆ ಯಂತ್ರ ತುಳಿಯುತ್ತಿದ್ದವಳು, ಒಂದೇ ಮನೆಯಲ್ಲಿ ಎರಡು ಸದ್ದು, ನಡುವೆ ಬಾಗಿಲು, ಹಾಗೆಯೇ ವಯಸ್ಸಾಯಿತು — ಮಾತು ಕಲಿಸಲು ಬರುವ ಹುಡುಗಿ ನಿನ್ನೆ ಹೇಳಿದಳು, ಅವರಿಗೆ ಇಷ್ಟ ಆಗೋ ಸಂಗೀತ ಕೇಳ್ಸಿ ಅಮ್ಮಾ, ಮಾತು ಬಂದ್ರೂ ಬರ್ಬೋದು — ಯಾವುದನ್ನು ತೆಗೆದಳು, ಓ, ನೀಲಿ ಕವರು, ಅಷ್ಟೊಂದರಲ್ಲಿ ಇವಳ ಕೈಗೆ ಅದೇ ಸಿಗಬೇಕೇ, ಅದರಲ್ಲಿ ಸ್ಯಾಕ್ಸೊಫೋನಿನವನು ಊದುವ ಮುಂಚೆ ಉಸಿರೆಳೆದುಕೊಳ್ಳುವುದೂ ಕೇಳುತ್ತದೆ, ಡ್ರಮ್ಮಿನವನು ಕೋಲು ಬದಿಗಿಟ್ಟು ಬ್ರಷ್ಷಿನಿಂದ ಸವರುತ್ತಾನೆ, ಪಕ್ಕದ ಕೋಣೆಯಲ್ಲಿ ಯಾರೋ ನೆಲ ಗುಡಿಸಿದ ಹಾಗೆ, ನಿಧಾನ, ಆ ನಿಧಾನದಲ್ಲೇ ಅದರ ಜೀವ, ಆಸ್ಪತ್ರೆಯಲ್ಲಿ ಛಾವಣಿ ನೋಡುತ್ತ ಮಲಗಿದ್ದಾಗ ಮನಸ್ಸಿನಲ್ಲೇ ಅದನ್ನು ಮೊದಲಿಂದ ಕೊನೆಯವರೆಗೆ ಕೇಳಿಕೊಂಡಿದ್ದೆ, ಏನು ಹೋದರೂ ಇದೊಂದು ಇದೆಯಲ್ಲ ಎಂದು — ಮುಳ್ಳು ಇಳಿಸುತ್ತಿದ್ದಾಳೆ, ತುಟಿ ಕಚ್ಚಿಕೊಂಡು, ಸೂಜಿಗೆ ದಾರ ಪೋಣಿಸುವಾಗಿನ ಮುಖ — ಅಯ್ಯೋ ತಡಿ, ಗುಂಡಿ ನೋಡು, ವೇಗದ ಗುಂಡಿ, ಅದರ ಬಿಳಿ ಚುಕ್ಕೆ ನಲವತ್ತೈದರ ಮೇಲಿದೆ, ಚಿಕ್ಕ ತಟ್ಟೆಗೆ ನಿಮಿಷಕ್ಕೆ ನಲವತ್ತೈದು ಸುತ್ತು, ಈ ದೊಡ್ಡದಕ್ಕೆ ಮೂವತ್ತಮೂರೇ, ಬಿದ್ದ ದಿನ ನಾನು ಚಿಕ್ಕದೊಂದನ್ನು ಕೇಳುತ್ತಿದ್ದೆ, ನಾನೇ ತಿರುಗಿಸಿ ಹಾಗೇ ಬಿಟ್ಟು ಬಿದ್ದದ್ದು, ಈಗ ಎಡಕ್ಕೆ ಒಂದು ಸಲ ತಿರುಗಿಸು, ಟಕ್ ಅಂತ, ಅಷ್ಟೇ — ಸರಿ, ಸರಿ, ಸರಿ — ಇರೀ, ಹಾಕ್ತಾ ಇದ್ದೀನಲ್ಲ, ಒಳ್ಳೆ ಚಿಕ್ಕ ಮಕ್ಕಳ ಹಾಗೆ ಆಡ್ತೀರಪ್ಪ.

ಶುರುವಾಗಿಯೇ ಬಿಟ್ಟಿತು. ಊದುವವನ ಉಸಿರು ಬಿಕ್ಕಳಿಕೆಯಾಯಿತು, ಸ್ಯಾಕ್ಸೊಫೋನು ಕೋಳಿಮರಿಯಾಗಿ ಕಿಚಿಕಿಚಿ, ದೇವರೇ, ಯಾರೋ ಬೆನ್ನಟ್ಟಿದ ಹಾಗೆ ಓಡುತ್ತಿದ್ದಾರೆ ಎಲ್ಲರೂ, ಲಿಫ್ಟ್ ರಿಪೇರಿ ಮಾಡಿ ಬದುಕಿದವನು ನಾನು, ಮೋಟಾರು ಒಂದಿಷ್ಟು ಹೆಚ್ಚು ತಿರುಗಿದರೂ ಹಲ್ಲು ಜುಮ್ಮೆನ್ನುತ್ತದೆ, ನಿಲ್ಲಿಸು, ತಪ್ಪು, ತಪ್ಪು ಕಣೇ — ಸರಿ! ಸರಿ! — ಅಲ್ವಾ, ಅಂತ ಅವಳ ಮುಖ ಅರಳಿತು, ಎಷ್ಟು ಖುಷಿ ನೋಡಿ ನಿಮ್ಗೆ. ಎರಡು ಮಹಡಿಗಳ ನಡುವೆ ಲಿಫ್ಟ್ ನಿಂತಾಗ ಒಳಗಿನವರು ಬಾಗಿಲು ಬಡಿಯುತ್ತಿದ್ದರು, ಗಾಬರಿ ಆಗ್ಬೇಡಿ, ಇಲ್ಲೇ ಇದ್ದೀನಿ ಅನ್ನುತ್ತಿದ್ದೆ ಹೊರಗಿನಿಂದ, ಈಗ ಒಳಗಿರುವವನು ನಾನು, ಹೊರಗಿರುವವಳಿಗೆ ಬಡಿತವೇ ಕೇಳುವುದಿಲ್ಲ, ಎಡಗೈ ಇದೆಯಲ್ಲ, ಎತ್ತು, ತೋರಿಸು, ಎತ್ತಿದೆ, ಬೆರಳು ಗುಂಡಿಯ ಕಡೆಗೆ — ಅವಳು ಬಂದು ಆ ಕೈಯನ್ನು ಹಿಡಿದುಕೊಂಡಳು. ಎರಡೂ ಕೈಯಲ್ಲಿ. ಪಕ್ಕದಲ್ಲೇ ಕುಳಿತಳು. ಸೂಜಿ ಚುಚ್ಚಿ ಚುಚ್ಚಿ ಒರಟಾದ ತುದಿಬೆರಳು, ಈ ಕೈ ನನ್ನ ಕೈ ಹಿಡಿದು ಯಾವ ಕಾಲವಾಯಿತು, ನೆನಪಿಗೇ ಬರುತ್ತಿಲ್ಲ, ಎಳೆದುಕೊಳ್ಳಲೇ, ಎಳೆದುಕೊಂಡು ಮತ್ತೆ ತೋರಿಸಲೇ, ಆಮೇಲೆ ಇವಳು ಎದ್ದು ಹೋದರೆ — ನಾನು ಅಂದ್ಕೊಂಡಿದ್ದೆ ಬರೀ ಅಳೋ ಸಂಗೀತ ಅಂತ, ಇದು ಎಷ್ಟು ಚುರುಕಾಗಿದೆ ಕಣ್ರೀ, ಸುಮ್ನೆ ಬಾಗಿಲು ಹಾಕ್ಕೊಂಡು ಕೂತ್ಬಿಟ್ಟೆನಲ್ಲ ಇಷ್ಟು ವರ್ಷ — ಅವಳ ಪಾದ ತಾಳ ಹಾಕುತ್ತಿದೆ, ಹಿಮ್ಮಡಿ ಮುಂಗಾಲು ಹಿಮ್ಮಡಿ ಮುಂಗಾಲು, ಅದು ತಾಳವಲ್ಲ, ಯಂತ್ರ ತುಳಿಯುವ ಪಾದ, ಆ ಬ್ರಷ್ಷು ಈ ಓಟದಲ್ಲಿ ಇವಳ ಹೊಲಿಗೆ ಯಂತ್ರವೇ ಆಗಿಬಿಟ್ಟಿದೆ, ಕಟಕಟಕಟ, ಅದಕ್ಕೇ ಒಪ್ಪಿಗೆಯಾಗಿದೆ ಇವಳಿಗೆ, ನನ್ನದು ಹಾಳಾಗಿ ಇವಳದಾಗಿದೆ, ನಗಬೇಕೋ ಅಳಬೇಕೋ, ಅತ್ತೆನೆಂದು ಕಾಣುತ್ತದೆ, ಅಂಗೈಯಿಂದ ನನ್ನ ಕೆನ್ನೆ ಒರೆಸುತ್ತಿದ್ದಾಳೆ, ಪಾಪ, ಅಷ್ಟು ಇಷ್ಟಾನಾ ಇದು ನಿಮ್ಗೆ.

ಮುಗಿಯಿತು, ಮುಗಿಯಬೇಕಾದ್ದಕ್ಕಿಂತ ಎಷ್ಟೋ ಬೇಗ. ಕೈ ಬಿಟ್ಟು ಎದ್ದಳು, ಅಂಗೈ ತಣ್ಣಗಾಯಿತು, ಈಗ ತೋರಿಸು, ಈಗ, ಅವಳು ಪ್ಲೇಯರಿನ ಹತ್ತಿರವೇ ಇದ್ದಾಳೆ, ಅವಳ ಬೆರಳು ಗುಂಡಿಯ ಪಕ್ಕದಲ್ಲೇ ಇದೆ — ದಿನಾ ಹಾಕ್ತೀನಿ ಇನ್ಮೇಲೆ, ಇಬ್ರೂ ಕೂತು ಕೇಳೋಣ, ಧೂಳು ಒರೆಸೋವಾಗ್ಲೂ ಇದ್ರಲ್ಲಿ ಒಂದನ್ನೂ ಮುಟ್ಟಿಲ್ಲ ನಾನು, ನಿಮ್ಮ ಕೈಯಾರೆ ಹೇಗೆ ಇಟ್ಟಿದ್ರೋ ಹಾಗೇ ಇದೆ, ಹಾಗೇ ಇರ್ಲಿ — ಎತ್ತಬೇಕೆಂದಿದ್ದ ಎಡಗೈ ಹೊದಿಕೆಯ ಮೇಲೆ ಅಂಗಾತ ಬಿದ್ದಿದೆ, ಅವಳಿಗಾಗಿಯೋ ಗುಂಡಿಗಾಗಿಯೋ ನನಗೇ ತಿಳಿಯುತ್ತಿಲ್ಲ — ಇನ್ನೊಂದು ಸಲ ಹಾಕ್ಲಾ? — ಸರಿ — ಮುಳ್ಳು ಇಳಿಯುತ್ತಿದೆ, ಅವಳು ಬರುತ್ತಿದ್ದಾಳೆ, ಅವಳ ಹಿಂದೆ ಗುಂಡಿ, ಬಿಳಿ ಚುಕ್ಕೆ, ನಲವತ್ತೈದರ ಮೇಲೆ, ಬಿಳಿ ಚುಕ್ಕೆ, ನಲವತ್ತೈದರ ಮೇಲೆ, ಬಿಳಿ ಚುಕ್ಕೆ