ವಾಸಂತಿ ಟೀಚರ ಬೀಡಿ ಪಾಠ

ನೆಟ್ಟಣದ ಹತ್ತಿರದ ಆ ಶಾಲೆಗೆ ವಾಸಂತಿ ಟೀಚರು ಬಂದದ್ದು ಎಪ್ಪತ್ತೆಂಟರ ಜೂನಿನಲ್ಲಿ. ಐದನೇ ಕ್ಲಾಸಿನ ಇಂಗ್ಲಿಷು ಅವರ ಪಾಲಿಗೆ ಬಂತು. ಮನೆಯಲ್ಲಿ ತುಳು ಮಾತಾಡುವ ಮಕ್ಕಳು ಕನ್ನಡವನ್ನೇ ಶಾಲೆಗೆ ಬಂದಮೇಲೆ ಕಲಿತವರು. ಇಂಗ್ಲಿಷು ಪುಸ್ತಕ ತೆರೆದರೆ ಸಾಕು, ಎಲ್ಲರ ಬಾಯಿಗೂ ಬೀಗ. ಟೀಚರಿಗೆ ತಾಳ್ಮೆ ಮೊದಲೇ ಕಡಿಮೆ. ಕೆಲವು ದಿನ ನೋಡಿ ಪುಸ್ತಕವನ್ನು ಕಪಾಟಿಗೆ ಸೇರಿಸಿದರು.

"ನಿಮ್ಮ ಕೈಗೆ ಎಂತ ಕೆಲಸ ಗೊತ್ತುಂಟೋ ಅದನ್ನು ಮಾಡಿ ತೋರಿಸಿ. ಇಂಗ್ಲಿಷು ನಾನು ಹೇಳ್ತೇನೆ," ಎಂದರು.

ಹೆಚ್ಚಿನವರ ಮನೆಯಲ್ಲಿದ್ದ ಕೆಲಸ ಬೀಡಿ. ಹಾಜರಿ ಕರೆದರೂ ಸರಿಯಾಗಿ ಬಾಯಿ ಬಿಡದ ದಮಯಂತಿ ಹಳೆ ಪೇಪರನ್ನು ಬೀಡಿ ಎಲೆಯ ಅಳತೆಗೆ ಕತ್ತರಿಸಿ, ಸುರುಟಿ, ನೂಲು ಸುತ್ತಿ ತೋರಿಸಿದಳು. ಟೀಚರು ಒಂದೊಂದಕ್ಕೂ ಮಾತು ಕೊಟ್ಟರು. ಕಟ್. ರೋಲ್. ಟೈ. ಸ್ವಲ್ಪ ಕಾಲದಲ್ಲೇ ಆ ಹುಡುಗಿ ಬೋರ್ಡಿನ ಬಳಿ ನಿಂತು "ಟೇಕ್ ದ ಪೇಪರ್, ಗಿವ್ ಇಟ್ ಟು ಚೆನ್ನು" ಎಂದು ದರ್ಬಾರು ಮಾಡತೊಡಗಿದಳು. ಟೀಚರಿಗೆ ಒಳಗೊಳಗೇ ಹೆಮ್ಮೆ.

ದೀಪಾವಳಿ ಕಳೆದ ಮೇಲೆ ದಮಯಂತಿಯ ಅಮ್ಮ ನೀಲಾವತಿ ಬಂದಳು. ದೊಡ್ಡ ಮಗಳ ಮದುವೆಯಾಗಿ ಮನೆಯಲ್ಲಿ ಬೀಡಿಗೆ ಜನ ಸಾಲುತ್ತಿರಲಿಲ್ಲ. ಚಿಕ್ಕವಳನ್ನು ಶಾಲೆ ಬಿಡಿಸಿ ಕರಕೊಂಡು ಹೋಗಲು ಬಂದವಳಿಗೆ ಬಾಗಿಲಲ್ಲೇ ಕಂಡದ್ದು ಮಗಳ ಕೈಯಲ್ಲಿ ಪೇಪರಿನ ಬೀಡಿ.

"ಇಲ್ಲಿ ಸಹ ಬೀಡಿ ಕಟ್ಟುದೇ ಆದ್ರೆ ಮನೆಯಲ್ಲೇ ಕಟ್ಟಬಹುದಲ್ಲ ಟೀಚರೇ?"

ವಾಸಂತಿ ಟೀಚರು ಮಾಡಿದ ಉಪಾಯ ಅವರಿಗೇ ತಿರುಗಿತ್ತು. ಹುಡುಗಿ ಕೈತಪ್ಪಿದಳು ಎಂದೇ ಅವರಿಗೆ ಸಂಕಟವಾಯಿತು.

"ಇದು ಇಂಗ್ಲಿಷು ಪಾಠ, ನೀಲಾವತಿಯಕ್ಕ. ಸ್ವಲ್ಪ ಕೂತು ನೋಡಿ," ಎಂದಷ್ಟೇ ಹೇಳಿದರು.

ನೀಲಾವತಿ ಬೆಂಚಿನ ತುದಿಯಲ್ಲಿ ಮುದುಡಿ ಕೂತಳು. ಪಕ್ಕದಲ್ಲಿದ್ದ ಹುಡುಗಿ ಚೆನ್ನು ಅವಳಿಗೂ ಪೇಪರು ಕೊಟ್ಟಳು. ದಮಯಂತಿ ಅಳುಕುತ್ತಲೇ ಹೇಳಿದಳು: ಕಟ್. ರೋಲ್. ಉಳಿದವರ ಕೈ ನೋಡಿಕೊಂಡು ಅಮ್ಮನೂ ಮಾಡಿದಳು. ಮಕ್ಕಳು ಇನ್ನೂ ಸುರುಟುತ್ತಿರುವಾಗಲೇ ಅವಳು ಒಂದನ್ನು ಕಟ್ಟಿ ಮುಗಿಸಿ ಇನ್ನೊಂದಕ್ಕೆ ಕೈ ಹಾಕಿದ್ದಳು; ಅದೂ ಮುಗಿದು ಮತ್ತೊಂದು. ಮಕ್ಕಳು ನಕ್ಕರು. ಅವಳಿಗೂ ನಾಚಿಕೆಯಾಗಿ ನಗು ಬಂತು, ಆದರೆ ಕೈ ತನ್ನಷ್ಟಕ್ಕೆ ಓಡುತ್ತಲೇ ಇತ್ತು.

"ಸಾಕು, ನಿಲ್ಲಿಸು ಅನ್ನುದಕ್ಕೆ ಎಂತ ಹೇಳುದು ಮಗಾ?" ಎಂದು ಕೇಳಿದಳು.

ದಮಯಂತಿ ಟೀಚರ ಮುಖ ನೋಡಿದಳು. ಇಷ್ಟು ದಿನದ ಪಾಠದಲ್ಲಿ ಆ ಮಾತು ಯಾರಿಗೂ ಬೇಕಾಗಿರಲಿಲ್ಲ, ಟೀಚರಿಗೂ ಹೊಳೆದಿರಲಿಲ್ಲ.

"ಸ್ಟಾಪ್," ಎಂದರು ಟೀಚರು ಮೆಲ್ಲಗೆ.

"ನೀನು ಹೇಳು," ಎಂದಳು ನೀಲಾವತಿ ಮಗಳಿಗೆ.

"ಸ್ಟಾಪ್, ಅಮ್ಮಾ."

ನೀಲಾವತಿಯ ಕೈ ನಿಂತಿತು. ಒಂದು ಗಳಿಗೆ ತನ್ನ ಬೆರಳುಗಳನ್ನೇ ನೋಡಿದಳು. ಆಮೇಲೆ ಅರ್ಧ ಸುರುಟಿದ ಬೀಡಿಯನ್ನು ಹಾಗೆಯೇ ಬೆಂಚಿನ ಮೇಲಿಟ್ಟು ಎದ್ದಳು.

"ಬೆಲ್ ಆದ ಕೂಡಲೇ ಮನೆಗೆ ಬಾ. ಎಲೆ ನೆನೆಹಾಕಲಿಕ್ಕುಂಟು."

"ನಾಳೆ?" ಎಂದು ಕೇಳಿದಳು ದಮಯಂತಿ.

"ನಾಳೆ ಸಹ ಬೆಲ್ ಆದ ಮೇಲೆ," ಎಂದು ನೀಲಾವತಿ ಒಬ್ಬಳೇ ಮೆಟ್ಟಿಲಿಳಿದಳು.